ಕಂಟೇನರ್ ಒಳಗೆ ಮಾತ್ರ ಫೈಲ್ ಕೆಡುತ್ತಿದೆ: ವೀತ್ ಡ್ರೈವರ್‌ನ ತಪ್ಪೇ?

ಪ್ರಶ್ನೆ

ಲಿನಕ್ಸ್ 3.10, ಬೋರ್ಡ್ ತಯಾರಕರೇ ಕೊಟ್ಟ ಕರ್ನಲ್. ನೆಟ್‌ವರ್ಕ್ ಕಾರ್ಡ್ ಇಥ್0 ಬ್ರಿಡ್ಜ್‌ಗೆ (ಕರ್ನಲ್ ಒಳಗಿನ ಸ್ವಿಚ್) ಸೇರಿದೆ, ಅಲ್ಲಿಂದ ವೀತ್ ಜೋಡಿಯಲ್ಲಿ (ಎರಡು ತುದಿಯ ವರ್ಚುವಲ್ ಕೇಬಲ್) ಕಂಟೇನರ್‌ಗೆ (ಹೋಸ್ಟ್ ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಆವರಣ) ಸಂಪರ್ಕ. ನ್ಯಾಟ್ (ಐಪಿ ವಿಳಾಸ ಬದಲಿಸುವಿಕೆ) ಇಲ್ಲ. ಕಂಟೇನರ್‌ನಲ್ಲಿ ದೊಡ್ಡ ಫೈಲ್ ಇಳಿಸಿಕೊಂಡರೆ ಆಗಾಗ ಶಾ256 (ಫೈಲಿನ ಬೆರಳಚ್ಚು) ತಾಳೆಯಾಗುವುದಿಲ್ಲ. ಎಚ್‌ಟಿಟಿಪಿಎಸ್ ಆದರೆ ಕನೆಕ್ಷನ್ನೇ ನಡುವೆ ಕಡಿದುಹೋಗುತ್ತದೆ. ಅದೇ ಫೈಲ್ ಹೋಸ್ಟ್‌ನಲ್ಲಿ ಸರಿಯಾಗಿ ಬರುತ್ತದೆ. ನೆಟ್‌ವರ್ಕ್ ಲೆಕ್ಕ ತೋರಿಸುವ ಎನ್‌ಸ್ಟ್ಯಾಟ್‌ನಲ್ಲಿ ಟಿಸಿಪಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಮೊತ್ತ) ಎರರ್ ಲೆಕ್ಕ ಹೋಸ್ಟ್‌ನಲ್ಲಿ ಏರುತ್ತಿದೆ, ಕಂಟೇನರ್‌ನಲ್ಲಿ ಸೊನ್ನೆ. ಕರ್ನಲ್ ಆವೃತ್ತಿ ಬದಲಿಸುವ ಹಾಗಿಲ್ಲ. ದಾರಿ ಇದೆಯೇ?

ಉತ್ತರ 1

ಆ ಸೊನ್ನೆಯಲ್ಲೇ ಉತ್ತರ ಇದೆ ಸರ್. ಇಥ್0ಗೆ ಬಂದ ಪ್ಯಾಕೆಟ್‌ನ ಚೆಕ್‌ಸಮ್ ಸರಿಯಿದ್ದರೆ ಕಾರ್ಡ್ ಅದನ್ನು 'ಅನ್‌ನೆಸೆಸರಿ' (ಮತ್ತೆ ಪರೀಕ್ಷೆ ಬೇಡ) ಎಂದು ಗುರುತಿಸುತ್ತದೆ. ತಪ್ಪಿದ್ದರೆ ಎಸೆಯುವುದಿಲ್ಲ, 'ನನ್' (ಪರೀಕ್ಷೆ ಆಗಿಲ್ಲ) ಎಂದು ಗುರುತಿಸಿ ಮೇಲಕ್ಕೆ ಕಳಿಸುತ್ತದೆ. ಮುಂದೆ ಟಿಸಿಪಿ ತಾನೇ ಲೆಕ್ಕ ಹಾಕಿ ಎಸೆಯಲಿ ಎಂದು. ಹಳೆಯ ವೀತ್ ಡ್ರೈವರ್ ಆ 'ನನ್' ಅನ್ನು ಅಳಿಸಿ 'ಅನ್‌ನೆಸೆಸರಿ' ಎಂದು ಬರೆಯುತ್ತದೆ. ಅಂದರೆ ಕೆಟ್ಟ ಪ್ಯಾಕೆಟ್‌ಗೇ ಹುಡುಕಿ ರಹದಾರಿ ಕೊಟ್ಟ ಹಾಗೆ. ಇದನ್ನು ಮುಖ್ಯ ಕರ್ನಲ್‌ನಲ್ಲಿ ಎಂದೋ ತೆಗೆದಿದ್ದಾರೆ, ನಿಮ್ಮ ಕರ್ನಲ್‌ಗೆ ಆ ತಿದ್ದುಪಡಿ ಬಂದಿಲ್ಲ.

ಡ್ರೈವರ್ಸ್/ನೆಟ್/ವೀತ್.ಸಿ ತೆರೆದು ವೀತ್_ಎಕ್ಸ್‌ಮಿಟ್ ಫಂಕ್ಷನ್ ನೋಡಿ. ಐಪಿ_ಸಮ್ಡ್ (ಆ ಗುರುತು ಇರುವ ಜಾಗ) 'ನನ್' ಆಗಿದ್ದು, ಎದುರು ತುದಿಯಲ್ಲಿ ಆರ್‌ಎಕ್ಸ್‌ಸಿಸಮ್ (ಬರುವ ಪ್ಯಾಕೆಟ್‌ನ ಚೆಕ್‌ಸಮ್ ಪರೀಕ್ಷೆ ಕಾರ್ಡಿಗೇ ಬಿಡುವ ಫೀಚರ್) ಚಾಲೂ ಇದ್ದರೆ ಎನ್ನುವ ಒಂದು ಇಫ್ ಇದೆ. ಅದನ್ನು ಪೂರ್ತಿಯಾಗಿ, ಅದರ ಮೇಲಿನ ಕಾಮೆಂಟನ್ನೂ ಅಳಿಸಿ, ಬದಲಿಗೆ ಏನೂ ಬೇಡ. ವೇಗಕ್ಕೂ ಹೊಡೆತ ಬೀಳುವುದಿಲ್ಲ: ಅದೇ ಯಂತ್ರದಲ್ಲಿ ಹುಟ್ಟಿದ ಪ್ಯಾಕೆಟ್ 'ಪಾರ್ಷಿಯಲ್' (ಚೆಕ್‌ಸಮ್ ಇನ್ನೂ ಪೂರ್ತಿ ಹಾಕಿಲ್ಲ) ಆಗಿರುತ್ತದೆ, ಕಾರ್ಡ್ ಪರೀಕ್ಷಿಸಿದ್ದು ಮೊದಲೇ 'ಅನ್‌ನೆಸೆಸರಿ'. ಎರಡಕ್ಕೂ ಮತ್ತೆ ಲೆಕ್ಕ ಇಲ್ಲ.

ಅಲ್ಲಿಯವರೆಗೆ ಈಥ್‌ಟೂಲ್‌ನಲ್ಲಿ (ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಕಮಾಂಡ್) ಆರ್‌ಎಕ್ಸ್ ಚೆಕ್‌ಸಮ್ ಆಫ್ ಮಾಡಿ, ಆದರೆ ಕಂಟೇನರ್ ಒಳಗಿನ ತುದಿಯಲ್ಲಿ. ಡ್ರೈವರ್ ನೋಡುವುದು ಪ್ಯಾಕೆಟ್ ಪಡೆಯುವ ತುದಿಯ ಫೀಚರ್. ಹೋಸ್ಟ್ ಕಡೆ ಆಫ್ ಮಾಡಿ 'ಕೆಲಸ ಮಾಡಲಿಲ್ಲ' ಎನ್ನುವವರು ಬಹಳ. ಕಂಟೇನರ್ ಹೊಸದಾಗಿ ಎದ್ದಾಗಲೆಲ್ಲ ಮತ್ತೆ ಹಾಕಬೇಕು.

ಉತ್ತರ 2

ಬಿಲ್ಡ್ ಬಗ್ಗೆ ಒಂದು ಮಾತು. ವೀತ್ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕು) ಆಗಿದ್ದರೆ ಅದೊಂದನ್ನೇ ಕಟ್ಟಬಹುದು. ಆದರೆ ಮಾಡ್‌ವರ್ಷನ್ಸ್ (ಮಾಡ್ಯೂಲ್ ಕರ್ನಲ್‌ಗೆ ಹೊಂದುತ್ತದೆಯೇ ನೋಡುವ ಆಯ್ಕೆ) ಚಾಲೂ ಇದ್ದರೆ 'ಮೇಕ್ ಮಾಡ್ಯೂಲ್ಸ್_ಪ್ರಿಪೇರ್' ಸಾಲದು, ಅದಕ್ಕೆ ಬೇಕಾದ ಮಾಡ್ಯೂಲ್.ಸಿಮ್‌ವರ್ಸ್ ಫೈಲನ್ನು ಅದು ಹುಟ್ಟಿಸುವುದಿಲ್ಲ. ಈಗ ಓಡುತ್ತಿರುವ ಕರ್ನಲ್ ಕಟ್ಟಿದಾಗಿನ ಫೈಲನ್ನೇ ತನ್ನಿ. ವರ್ಮ್ಯಾಜಿಕ್ (ಮಾಡ್ಯೂಲ್‌ನಲ್ಲಿರುವ ಕರ್ನಲ್ ಆವೃತ್ತಿ, ಆಯ್ಕೆಗಳ ಗುರುತು) ಕೂಡ ಹೊಂದಬೇಕು. ಹಳೆಯ ಮಾಡ್ಯೂಲ್ ಕೀಳುವ ಮುನ್ನ ಕಂಟೇನರ್‌ಗಳನ್ನೆಲ್ಲ ನಿಲ್ಲಿಸಿ. ವೀತ್ ಕರ್ನಲ್ ಒಳಗೇ ಸೇರಿದ್ದರೆ ಅದೇ ಆವೃತ್ತಿಯನ್ನು ಪೂರ್ತಿ ಕಟ್ಟುವುದು ಬಿಟ್ಟು ಬೇರೆ ದಾರಿ ಇಲ್ಲ.

ಪರೀಕ್ಷೆಗೆ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ (ಪ್ರತ್ಯೇಕ ನೆಟ್‌ವರ್ಕ್ ಆವರಣ), ನಡುವೆ ಒಂದು ವೀತ್ ಜೋಡಿ, ಕಳಿಸುವ ತುದಿಗೆ ಟಿಸಿ ಕಮಾಂಡ್ ಮೂಲಕ ನೆಟ್‌ಎಮ್ (ಪ್ಯಾಕೆಟ್‌ಗಳನ್ನು ಬೇಕೆಂದೇ ಕೆಡಿಸಬಲ್ಲ ಸಾಧನ) ಕರಪ್ಟ್ 5%. ಕಳಿಸುವುದು ಯುಡಿಪಿ ಇರಲಿ, ಪ್ಯಾಕೆಟ್‌ಗೆ 1000 ಬೈಟ್, ಎಲ್ಲವೂ ಒಂದೇ ಅಕ್ಷರ. ನೆಟ್‌ಎಮ್ ಕೆಡಿಸುವುದು ಪ್ಯಾಕೆಟ್‌ನ ಲೀನಿಯರ್ ಭಾಗದ (ಹೆಡರ್ ಇರುವ ಮೊದಲ ಮೆಮೊರಿ ತುಂಡು) ಒಂದು ಬಿಟ್ಟನ್ನು. ಟಿಸಿಪಿ ಡೇಟಾ ಹೆಚ್ಚಾಗಿ ಬೇರೆ ಮೆಮೊರಿ ಪುಟಗಳಲ್ಲಿ ಇರುವುದರಿಂದ, ಟಿಸಿಪಿ ಕಳಿಸಿದರೆ ಬರೀ ಹೆಡರ್ ಕೆಟ್ಟು, ದೋಷ ಇಲ್ಲವೆಂದು ಮೋಸಹೋಗುತ್ತೀರಿ. ಹಳೆಯ ಡ್ರೈವರ್‌ನಲ್ಲಿ ಬೇರೆ ಅಕ್ಷರ ನುಸುಳುತ್ತದೆ. ಹೊಸದರಲ್ಲಿ ನುಸುಳದೆ ಯುಡಿಪಿ ಚೆಕ್‌ಸಮ್ ಎರರ್ ಲೆಕ್ಕ ಏರಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದ. ನ್ಯಾಟ್ ಇರುವ ಇನ್ನೊಂದು ಬೋರ್ಡ್‌ನಲ್ಲಿ, ಅದೇ ಕರ್ನಲ್ ಇದ್ದರೂ, ತೊಂದರೆ ಕಾಣುತ್ತಿಲ್ಲ. ಯಾಕೆ?

ಉತ್ತರ 1

ಅಲ್ಲಿ ನ್ಯಾಟ್‌ಗಾಗಿ ಕನೆಕ್ಷನ್‌ಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ನಿಮ್ಮನ್ನು ಕಾಯುತ್ತಿದೆ. ಅದರ ಚೆಕ್‌ಸಮ್ ಪರೀಕ್ಷೆಯ ಸೆಟ್ಟಿಂಗ್ ಎನ್‌ಎಫ್_ಕಾನ್‌ಟ್ರ್ಯಾಕ್_ಚೆಕ್‌ಸಮ್ ಡಿಫಾಲ್ಟ್ ಆಗಿ 1. ಕೆಟ್ಟ ಪ್ಯಾಕೆಟ್ 'ಇನ್‌ವ್ಯಾಲಿಡ್' ಆಗುತ್ತದೆ, ವಿಳಾಸ ಬದಲಾಗದೆ ಕಂಟೇನರ್‌ಗೆ ತಲುಪುವುದೇ ಇಲ್ಲ. ಆ ಸೆಟ್ಟಿಂಗನ್ನು 0 ಮಾಡಬೇಡಿ.

ಇನ್ನೊಂದು: ಹೋಸ್ಟ್‌ನಲ್ಲಿ ಎರರ್ ಏರುತ್ತಿದೆ ಎಂದರೆ ದಾರಿಯಲ್ಲಿ ಯಾವುದೋ ಸಾಧನ ಪ್ಯಾಕೆಟ್ ಕೆಡಿಸುತ್ತಿದೆ. ಕೇಬಲ್ ಮೇಲೆ ಕೆಟ್ಟಿದ್ದರೆ ಇಥರ್ನೆಟ್ ಸಿಆರ್‌ಸಿಯೇ (ಪ್ರತಿ ಫ್ರೇಮ್‌ನ ಕೊನೆಯ ತಪ್ಪು ಪರೀಕ್ಷೆ) ಹಿಡಿಯುತ್ತಿತ್ತು. ಹಾಗಾಗಿ ಮೊದಲ ಅನುಮಾನ ಸ್ವಿಚ್ ಅಥವಾ ರೂಟರ್‌ನ ಮೆಮೊರಿ, ಇಲ್ಲವೇ ನಿಮ್ಮದೇ ಕಾರ್ಡ್. ಒಂದೊಂದಾಗಿ ಬದಲಿಸಿ, ಲೆಕ್ಕ ಎಲ್ಲಿ ನಿಲ್ಲುತ್ತದೆ ನೋಡಿ. ಟಿಸಿಪಿ ಚೆಕ್‌ಸಮ್ 16 ಬಿಟ್ ಮಾತ್ರ, ಡ್ರೈವರ್ ಸರಿಯಾದ ಮೇಲೂ ಶಾ256 ಪರೀಕ್ಷೆ ಬಿಡಬೇಡಿ.