ಎಲ್ಲಾ ಕಾರ್ಯಕ್ರಮಗಳೂ ಒಂದೇ ವಾರದಲ್ಲಿ ಬಂದಿವೆ, ಯಾವುದನ್ನು ಬಿಡಲಿ?

ತುಕ್ಕಿನ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಕಾಂಕ್ರೀಟ್ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದು ನನ್ನ ವಿಷಯ.

ನಮ್ಮ ಯೂನಿವರ್ಸಿಟಿಯ ಮುಂದಿನ ತಿಂಗಳ ಕಾರ್ಯಕ್ರಮಗಳ ಪಟ್ಟಿ ಬಂದಿದೆ. ನೋಡಿ ತಲೆ ಕೆಟ್ಟುಹೋಗಿದೆ. ಸೋಮವಾರ ವಿಭಾಗದ ಸಂಶೋಧನಾ ದಿನ, ಪೋಸ್ಟರ್ ಹಾಕಬೇಕು. ಬುಧವಾರ ಥ್ರೀ ಮಿನಿಟ್ ಥೀಸಿಸ್ ಸ್ಪರ್ಧೆಯ ಮೊದಲ ಸುತ್ತು, ಅಂದರೆ ಪಿಎಚ್‌ಡಿಯ ಥೀಸಿಸ್ (ಸಂಶೋಧನಾ ಪ್ರಬಂಧ) ಅನ್ನು ಮೂರು ನಿಮಿಷದಲ್ಲಿ ಹೇಳುವುದು. ಗುರುವಾರ ಕೆರಿಯರ್ ಫೇರ್, ಕೆಲಸಕ್ಕೆ ಜನ ಹುಡುಕುವ ಕಂಪನಿಗಳು ಬರುತ್ತವೆ. ಶುಕ್ರವಾರ ಹೊರಗಿನಿಂದ ಬರುವ ಒಬ್ಬ ಪ್ರೊಫೆಸರ್ ಉಪನ್ಯಾಸ. ಅವರ ಸಂಶೋಧನಾ ಪೇಪರ್ ಇಲ್ಲದೆ ನನ್ನ ಥೀಸಿಸ್‌ನ ಎರಡನೇ ಅಧ್ಯಾಯವೇ ನಿಲ್ಲುವುದಿಲ್ಲ. ಶನಿವಾರ ಸಂಜೆ ಸಾಂಸ್ಕೃತಿಕ ಉತ್ಸವ, ಅದರಲ್ಲಿ ನಮ್ಮ ತಂಡದ ನಾಟಕ. ನನ್ನ ಪಾತ್ರ ದೊಡ್ಡದಲ್ಲ. ಆದರೆ ಎರಡನೇ ಅಂಕ ಪೂರ್ತಿ ರಂಗದ ಮೇಲೆ ಇರಬೇಕು, ದಿನಾ ಸಂಜೆ ರಿಹರ್ಸಲ್.

ಪೋಸ್ಟರ್ ಬಿಡುವ ಹಾಗಿಲ್ಲ ಎಂದು ಗೈಡ್ ಹೇಳಿದ್ದಾರೆ. ಕೆರಿಯರ್ ಫೇರ್ ತಪ್ಪಿಸಬೇಡ ಎಂದು ಮನೆಯವರು. ನಾಟಕ ಬಿಟ್ಟುಬಿಡು, ಅದರಿಂದ ಏನು ಸಿಗುತ್ತದೆ ಎಂದು ಲ್ಯಾಬಿನವರು. ನನಗೆ ಎಲ್ಲಕ್ಕಿಂತ ಇಷ್ಟ ಇರುವುದು ನಾಟಕವೇ. ಥ್ರೀ ಮಿನಿಟ್ ಥೀಸಿಸ್‌ಗೆ ಹೆಸರು ಕೊಟ್ಟಾಗಿದೆ, ತಯಾರಿ ಮಾತ್ರ ಏನೂ ಇಲ್ಲ. ಯಾವುದನ್ನು ಬಿಡಲಿ ಹೇಳಿ.

ಕೊನೇ ಬೆಂಚು

ಮೂರನೇ ವರ್ಷ ಅಂದರೆ ಕೆಲಸದ ಯೋಚನೆ ಬರಲೇಬೇಕು. ಕೆರಿಯರ್ ಫೇರ್‌ಗೆ ಮೊದಲ ಸ್ಥಾನ ಕೊಡಿ. ಇನ್ನೊಂದು ವಿಷಯ. ಪೇಪರ್, ಕಾನ್ಫರೆನ್ಸ್ ಎಲ್ಲಾ ತುಂಬಿದ ಉದ್ದದ ಸಿವಿಯನ್ನು ಅಲ್ಲಿಗೆ ಒಯ್ಯಬೇಡಿ. ಎರಡು ಪುಟದ ರೆಸ್ಯೂಮೆ ಬೇರೆ ಮಾಡಿಕೊಳ್ಳಿ. ಥ್ರೀ ಮಿನಿಟ್ ಮುಂದಿನ ವರ್ಷವೂ ಇರುತ್ತದೆ ಅಲ್ವಾ?

ಮೇಜಿನ ಆಚೆ

ನಾನೂ ಪಿಎಚ್‌ಡಿ ಮುಗಿಸಿ ಕಂಪನಿ ಸೇರಿದವನು. ಈಗ ಕೆರಿಯರ್ ಫೇರ್‌ಗಳಲ್ಲಿ ಮೇಜಿನ ಆ ಬದಿಯಲ್ಲಿ ನಿಲ್ಲುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯಾವುದನ್ನೂ ಬಿಡಬೇಡಿ. ಥ್ರೀ ಮಿನಿಟ್ ಅನ್ನಂತೂ ಬಿಡಲೇಬೇಡಿ. ನೀವು ಇವನ್ನೆಲ್ಲಾ ಬೇರೆ ಬೇರೆ ಕೆಲಸ ಎಂದು ನೋಡುತ್ತಿದ್ದೀರಿ, ಅದಕ್ಕೇ ಭಾರ ಅನ್ನಿಸುತ್ತಿದೆ. ತಯಾರಿ ಒಂದೇ: ನಿಮ್ಮ ವಿಷಯದ ಗಂಧಗಾಳಿ ಇಲ್ಲದವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು. ಮೂರು ನಿಮಿಷದ ಮಾತು ಸಿದ್ಧವಾದರೆ ಸೋಮವಾರಕ್ಕೂ ಆಯಿತು, ಗುರುವಾರಕ್ಕೂ ಆಯಿತು.

ಈ ಸ್ಪರ್ಧೆ ಶುರುವಾದ ಕತೆ ನನಗೆ ತುಂಬಾ ಇಷ್ಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ 2008ರಲ್ಲಿ ಮೊದಲು ನಡೆಯಿತು. ಆ ಹೊತ್ತಿನಲ್ಲಿ ಅಲ್ಲಿ ಭಾರೀ ಬರ. ನೀರು ಉಳಿಸಲು ಜನ ಸ್ನಾನದ ಮನೆಯ ಗೋಡೆಗೆ ಮೂರು ನಿಮಿಷದ ಟೈಮರ್ ಹಾಕಿಕೊಂಡಿದ್ದರು. ಅಷ್ಟರೊಳಗೆ ಸ್ನಾನ ಮುಗಿಯಬೇಕು. ಅಲ್ಲಿನ ಗ್ರಾಜುಯೇಟ್ ಸ್ಕೂಲಿನ ಡೀನ್ ಆಗಿದ್ದ ಅಲನ್ ಲಾಸನ್ ಅವರಿಗೆ, ಥೀಸಿಸ್ ಅನ್ನೂ ಅಷ್ಟರಲ್ಲೇ ಹೇಳಿಸಿದರೆ ಹೇಗೆ ಎಂದು ಹೊಳೆಯಿತು. 80,000 ಪದಗಳ ಥೀಸಿಸ್ ಅನ್ನು ಪೂರ್ತಿ ಹೇಳಲು 9 ಗಂಟೆ ಬೇಕು ಎನ್ನುವುದು ಸ್ಪರ್ಧೆ ನಡೆಸುವವರ ಲೆಕ್ಕ.

ನಿಯಮ ಕಟ್ಟುನಿಟ್ಟು. ಒಂದೇ ಸ್ಲೈಡ್, ಅದರಲ್ಲಿ ಏನೂ ಅಲುಗಾಡಬಾರದು. ವಿಡಿಯೋ, ಸದ್ದು ಇಲ್ಲ. ಹಾಡು, ಪದ್ಯ ಇಲ್ಲ. ಕೈಯಲ್ಲಿ ವಸ್ತು ಹಿಡಿಯುವ ಹಾಗಿಲ್ಲ, ಅಂದರೆ ತುಕ್ಕು ಹಿಡಿದ ಸರಳನ್ನು ತಂದು ತೋರಿಸುವ ಆಸೆ ಇದ್ದರೆ ಈಗಲೇ ಬಿಡಿ. ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುವ ಹಾಗೆ ಬರೆದುಕೊಳ್ಳಿ. ಸಭೆ ನಕ್ಕರೆ, ನಿಮಗೆ ಒಮ್ಮೆ ಉಸಿರು ಕಟ್ಟಿದರೆ, ಉಳಿದ ಹೊತ್ತು ಕೈ ಹಿಡಿಯುತ್ತದೆ.

ಈಗ ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದು ಹೀಗೆ: "ಕಾಂಕ್ರೀಟಿನ ಪಿಎಚ್ 12ಕ್ಕಿಂತ ಜಾಸ್ತಿ ಇರುವುದರಿಂದ ಸರಳಿನ ಮೇಲೆ ರಕ್ಷಣೆಯ ತೆಳು ಪದರ ಇರುತ್ತದೆ. ಕ್ಲೋರೈಡ್ ಅಯಾನುಗಳು ಅದನ್ನು ಒಡೆಯುತ್ತವೆ." ತಪ್ಪೇನಿಲ್ಲ. ಆದರೆ ಪಿಎಚ್ ಅಂದ ಕೂಡಲೇ ಅರ್ಧ ಸಭೆ ಕೈತಪ್ಪಿತು. ಅದರ ಬದಲು ಬಿರುಕಿನಿಂದ ಶುರು ಮಾಡಿ. "ಕಂಬದಲ್ಲಿ ಬಿರುಕು ಕಂಡರೆ ಹೊರಗಿನಿಂದ ಏನೋ ಬಡಿದಿದೆ ಅಂದುಕೊಳ್ಳುತ್ತೇವೆ. ಕೆಲವು ಬಿರುಕುಗಳನ್ನು ಒಳಗಿನ ಕಬ್ಬಿಣವೇ ತಳ್ಳಿ ಮಾಡಿರುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಕಾಂಕ್ರೀಟಿನಲ್ಲಿ ಆ ಜಾಗ ಇಲ್ಲ." ಇಷ್ಟು ಕೇಳಿದವರು ಮುಂದೇನು ಎಂದು ಕಾಯುತ್ತಾರೆ. ಆ ಬಿರುಕು ಕಾಣುವ ಮೊದಲೇ ತುಕ್ಕನ್ನು ಪತ್ತೆ ಮಾಡಲು ನೀವು ಏನು ಮಾಡುತ್ತಿದ್ದೀರಿ ಎಂಬುದು ಆಮೇಲೆ ಬರಲಿ. ಪದರದ ಮಾತೂ ಆಗ ಹೇಳಬಹುದು, ಆ ಹೊತ್ತಿಗೆ ಜನಕ್ಕೆ ಅದು ಬೇಕಾಗಿರುತ್ತದೆ.

ಸೋಮವಾರದ ಪೋಸ್ಟರ್ ನಿಮ್ಮ ಅದೃಷ್ಟ. ಎ0 ಹಾಳೆ ಅಂದರೆ 841 ಗುಣಿಸು 1189 ಮಿಲಿಮೀಟರ್, ಅಷ್ಟು ಜಾಗ ಇದೆ ಎಂದು ಇಡೀ ಸಂಶೋಧನಾ ಪೇಪರನ್ನೇ ತಂದು ಅಂಟಿಸುತ್ತಾರೆ. ಯಾರೂ ಓದುವುದಿಲ್ಲ. ಒಂದು ದೊಡ್ಡ ಚಿತ್ರ, ಒಂದು ಗ್ರಾಫ್, ನಾಲ್ಕು ಸಾಲು ಸಾಕು. ಪೋಸ್ಟರಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಂತು, ಬಂದ ಪ್ರತಿಯೊಬ್ಬರಿಗೂ ಅದೇ ಮೂರು ನಿಮಿಷ ಹೇಳಿ. ಎಲ್ಲಿ ಅವರ ಕಣ್ಣು ಆಚೆ ಹೋಗುತ್ತದೆ ನೋಡಿಕೊಳ್ಳಿ. ಆ ಸಾಲನ್ನು ಮಂಗಳವಾರ ಕೂತು ತೆಗೆಯಿರಿ.

ಗುರುವಾರ ನನ್ನಂಥವನ ಮುಂದೆ ಬಂದಾಗ ಮೂರು ನಿಮಿಷ ಸಿಗುವುದಿಲ್ಲ, ಹಿಂದೆ ಸಾಲು ಇರುತ್ತದೆ. ಮೊದಲ ಅರ್ಧ ನಿಮಿಷದ್ದು ಸಾಕು. "ಯಾವ ಕೆಲಸ ಖಾಲಿ ಇದೆ?" ಎಂದು ಕೇಳಿ ರೆಸ್ಯೂಮೆ ಇಟ್ಟು ಹೋಗುವವರ ಮುಖ ಸಂಜೆ ನೆನಪಿರುವುದಿಲ್ಲ. ಅದು ಅವರ ತಪ್ಪಲ್ಲ, ಅಷ್ಟು ಜನ ಬಂದಿರುತ್ತಾರೆ. ಆದರೆ ಯಾರೋ ಬಂದು "ನಿಮ್ಮಲ್ಲಿ ತುಕ್ಕಿನ ತೊಂದರೆಯನ್ನು ಯಾವ ತಂಡ ನೋಡಿಕೊಳ್ಳುತ್ತದೆ?" ಎಂದು ಕೇಳಿದರೆ ನಾನು ಪೆನ್ನು ತೆಗೆಯುತ್ತೇನೆ. ಮೇಜಿನಲ್ಲಿ ಇರುವವರು ಎಚ್‌ಆರ್‌ನವರಾ, ಎಂಜಿನಿಯರಾ ಎಂದು ಮೊದಲು ಕೇಳಿಕೊಳ್ಳಿ. ಎಚ್‌ಆರ್ ಆದರೆ ಅರ್ಜಿ ಎಲ್ಲಿ, ಯಾವಾಗ ಎಂದು ಕೇಳಿ. ಎಂಜಿನಿಯರ್ ಆದರೆ ಕೆಲಸದ ಬಗ್ಗೆ ಮಾತಾಡಿ. ಬರುವ ಕಂಪನಿಗಳ ಪಟ್ಟಿ ಸಾಮಾನ್ಯವಾಗಿ ಮುಂಚೆಯೇ ಹಾಕಿರುತ್ತಾರೆ. ನಿಮಗೆ ನಿಜವಾಗಿ ಬೇಕಾದವನ್ನು ಗುರುತು ಮಾಡಿಕೊಂಡು ಅಲ್ಲಿಗೆ ಮೊದಲು ಹೋಗಿ. ಸುಮ್ನೆ ಎಲ್ಲಾ ಮೇಜು ಸುತ್ತಬೇಡಿ. ರಾತ್ರಿಯೇ ಎರಡು ಸಾಲಿನ ಮೇಲ್ ಕಳಿಸಿ.

ಪರದೆ ಹಿಂದೆ

ಮೇಲಿನವರು ನಾಟಕದ ವಿಷಯಕ್ಕೆ ಬರಲಿಲ್ಲ, ನಾನು ಹೇಳುತ್ತೇನೆ. ನಾಟಕ ಬಿಡಬೇಡಿ. ಮಾತಿಲ್ಲದೆಯೂ ಒಂದು ಅಂಕ ಪೂರ್ತಿ ರಂಗದ ಮೇಲೆ ಎಚ್ಚರವಾಗಿರುವುದು ಸಣ್ಣ ವಿಷಯವಲ್ಲ. ಕೈ ಎಲ್ಲಿಡಬೇಕು ಎಂದು ತಿಳಿಯದೆ ಸೆಮಿನಾರಿನಲ್ಲಿ ಒದ್ದಾಡುವವರನ್ನು ನೋಡಿದ್ದೇವಲ್ಲ. ಜೊತೆಗೆ, ನೀವು ಕೈಬಿಟ್ಟರೆ ಇಡೀ ತಂಡ ಕೊನೆ ಗಳಿಗೆಯಲ್ಲಿ ಪರದಾಡುತ್ತದೆ. ನಿರ್ದೇಶಕರಿಗೆ ಈಗಲೇ ವಾರದ ಪಟ್ಟಿ ತೋರಿಸಿ, ಮಂಗಳವಾರ ರಿಹರ್ಸಲ್‌ಗೆ ತಡವಾಗಿ ಬರುತ್ತೇನೆ ಎಂದು ಹೇಳಿ. ಮೊದಲೇ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಸಂಶೋಧನೆಗೂ ರಂಗಕ್ಕೂ ಸಂಬಂಧವೇ ಇಲ್ಲ ಅನ್ನುವ ಲ್ಯಾಬಿನವರಿಗೆ "ಡ್ಯಾನ್ಸ್ ಯುವರ್ ಪಿಎಚ್‌ಡಿ" ತೋರಿಸಿ. ಥೀಸಿಸ್ ಅನ್ನು ಕುಣಿದು ವಿವರಿಸುವ ಸ್ಪರ್ಧೆ. ಅದೂ 2008ರಲ್ಲೇ ಶುರುವಾದದ್ದು, ಸೈನ್ಸ್ ಪತ್ರಿಕೆಯ ಬೆಂಬಲ ಇದೆ.

ತುಕ್ಕಿನ ಹುಡುಗಿ

ಓದಿ ಧೈರ್ಯ ಬಂತು. ಬಿರುಕಿನಿಂದ ಶುರು ಮಾಡುವುದು ನನಗೆ ಹೊಳೆದೇ ಇರಲಿಲ್ಲ. ರಾತ್ರಿಯೇ ಬರೆದು ರೂಮ್‌ಮೇಟ್ ಮುಂದೆ ಓದಿದೆ. ಅವಳು ಇತಿಹಾಸ ಓದುವವಳು. "ಹಾಗಾದರೆ ಹೊರಗಿನಿಂದ ಬಣ್ಣ ಬಳಿದರೆ ಪ್ರಯೋಜನ ಇಲ್ವಾ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ!

ಇನ್ನೆರಡು ಅನುಮಾನ. ಶುಕ್ರವಾರದ ಪ್ರೊಫೆಸರ್ ಹತ್ತಿರ ಮಾತಾಡುವುದು ಹೇಗೆ? ರೆಸ್ಯೂಮೆಯಲ್ಲಿ ನಾಟಕ ಹಾಕಬಹುದಾ?

ಮೇಜಿನ ಆಚೆ

ರೂಮ್‌ಮೇಟ್ ಕೇಳಿದ್ದನ್ನು ಬರೆದಿಟ್ಟುಕೊಳ್ಳಿ, ಕೆರಿಯರ್ ಫೇರ್‌ನಲ್ಲಿ ಯಾರಾದರೂ ಅದನ್ನೇ ಕೇಳುತ್ತಾರೆ. ಉತ್ತರವೂ ತಯಾರಿರಲಿ.

ಪ್ರೊಫೆಸರ್ ವಿಷಯ. ಉಪನ್ಯಾಸ ಮುಗಿದ ಮೇಲೆ ಸುತ್ತ ಗುಂಪು ಸೇರುತ್ತದೆ, ಅಲ್ಲಿ ಮಾತು ಆಗುವುದಿಲ್ಲ. ಕರೆಸಿದ ವಿಭಾಗದವರನ್ನು ಈಗಲೇ ಕೇಳಿ, ವಿದ್ಯಾರ್ಥಿಗಳ ಜೊತೆ ಕೂರಲು ಹೊತ್ತು ಇಟ್ಟಿದ್ದಾರಾ ಎಂದು. ಎಷ್ಟೋ ಕಡೆ ಇಟ್ಟಿರುತ್ತಾರೆ, ಕೇಳುವವರೇ ಇರುವುದಿಲ್ಲ. "ನಿಮ್ಮ ಪೇಪರ್ ಓದಿದ್ದೇನೆ" ಎಂದು ಹೇಳುವುದಕ್ಕಿಂತ ಅವರ ಇಂಥ ಗ್ರಾಫಿಗೂ ನಿಮ್ಮ ಅಳತೆಗೂ ಎಲ್ಲಿ ಹೊಂದುತ್ತಿಲ್ಲ ಎಂದು ತೋರಿಸಿ. ಪೋಸ್ಟರಿನ ಎ4 ಪ್ರಿಂಟ್ ಒಂದು ಕೈಯಲ್ಲಿರಲಿ.

ನಾಟಕ ಖಂಡಿತ ಹಾಕಿ, ಒಂದೇ ಸಾಲು, ಕೊನೆಯಲ್ಲಿ. ಹವ್ಯಾಸ ಎಂದು ಬರೆಯಬೇಡಿ. ಎಷ್ಟು ವರ್ಷದಿಂದ ತಂಡದಲ್ಲಿದ್ದೀರಿ, ಏನು ಮಾಡುತ್ತೀರಿ ಎಂದು ಬರೆಯಿರಿ. ರೆಸ್ಯೂಮೆ ಸಿದ್ಧವಾದರೆ ಹೆಸರು, ಫೋನ್ ನಂಬರ್ ಅಳಿಸಿ ನನಗೆ ಮೆಸೇಜಿನಲ್ಲಿ ಕಳಿಸಿ. ಭಾನುವಾರದೊಳಗೆ ನೋಡಿ ಹೇಳುತ್ತೇನೆ.