ಶ್ರೀರಂಗಪಟ್ಟಣದಿಂದ ತಲಕಾಡಿಗೆ ಸೈಕಲ್: ಯಾವ ಟೈರ್?

ಪ್ರಶ್ನೆ: ಡಿಸೆಂಬರ್ ಕೊನೆಗೆ ಬನ್ನೂರು, ಸೋಮನಾಥಪುರ, ತಿ. ನರಸೀಪುರದ ಮೇಲೆ ಕಾವೇರಿ ಬಯಲಲ್ಲಿ ನಿಧಾನವಾಗಿ ಹೋಗೋಣ ಅಂತಿದೀವಿ. ಹೆಚ್ಚುಕಮ್ಮಿ 60 ಕಿ.ಮೀ. 28 ಎಂಎಂ ಅಗಲದ ಟೈರ್ ಸಾಕಾ?

ಉತ್ತರ 1: ಡಾಂಬರಿಗೆ ಸಾಕು ಸರ್. ನಾಲೆ ಏರಿ ಹತ್ತೋದಾದ್ರೆ 35 ಹಾಕಿ, ಗಾಳಿ 50 ಪಿಎಸ್‌ಐ ದಾಟಿಸಬೇಡಿ. ಅಲ್ಲಿ ಜಾಲಿ ಮುಳ್ಳು ಜಾಸ್ತಿ. ಪಂಚರ್ ಆದ್ರೆ ಹೊಸ ಟ್ಯೂಬ್ ಹಾಕೋ ಮುಂಚೆ ಟೈರ್ ಒಳಗೆ ಬಟ್ಟೆ ಆಡಿಸಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ರೆ ಹೊಸದೂ ಹೋಯ್ತು.

ಉತ್ತರ 2: ಮುಳ್ಳಿಗಿಂತ ಹುರುಳಿ ಕಾಟ ದೊಡ್ಡದು! ಒಕ್ಕಣೆಗೆ ರಸ್ತೆ ಮೇಲೇ ಹರಡಿರ್ತಾರೆ. ಅದರ ಮೇಲೆ ತುಳಿದ್ರೆ ಬಳ್ಳಿ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸೋ ಭಾಗ) ಸುತ್ತಿ, ಅದನ್ನ ಫ್ರೇಮಿಗೆ ಹಿಡಿದಿರೋ ಹ್ಯಾಂಗರ್ ಬಾಗುತ್ತೆ. ಇಳಿದು ತಳ್ಳಿ.

ಉತ್ತರ 3: ತಲಕಾಡಿನ ದೇವಸ್ಥಾನಗಳ ಹಾದಿ ಮರಳು, ಸೈಕಲ್ ಹೊರಗೇ ಬೀಗ ಹಾಕಿಡಿ. ಚೈನಿಗೆ ಮರಳು ಮೆತ್ತಿದ್ರೆ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಎಣ್ಣೆ.