ನಲ್ಲಿ ಸೋರುವುದು, ತೊಟ್ಟಿಕ್ಕುವುದು, ಜಿನುಗುವುದು: ನಿಮ್ಮ ಕಡೆ ಯಾವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದು ನಾಲ್ಕೈದು ಪದದ ವಿಷಯ. ಆದರೆ ಅದು ಎದ್ದದ್ದು ನಮ್ಮ ಬಚ್ಚಲುಮನೆಯಲ್ಲಿ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನಿರುವುದು ಮುಂಬಯಿಯ ಮುಲುಂಡ್‌ನಲ್ಲಿ, ಮೂರನೇ ಮಹಡಿ. ಊರು ಮಂಡ್ಯ. ಅತ್ತೆ ಧಾರವಾಡದವರು, ಈಗ ನಮ್ಮ ಜೊತೆಗಿದ್ದಾರೆ. ಕೆಳಗಿನ ಮನೆಯವರು ಉಡುಪಿ ಕಡೆಯವರು. ಪ್ಲಂಬರ್ ಸಾತಾರಾದವರು. ಒಂದು ನಲ್ಲಿ ಕೆಟ್ಟರೆ ಸಾಕು, ನಮ್ಮ ಮೆಟ್ಟಿಲ ಮೇಲೆ ನಿಘಂಟು ಸಮಿತಿಯೇ ಸೇರುತ್ತದೆ.

ಮಳೆಗಾಲಕ್ಕೆ ಮುಂಚೆ ನಮ್ಮ ಕಟ್ಟಡದ ಸೊಸೈಟಿಯ ಬೋರ್ಡಿನಲ್ಲಿ ಮರಾಠಿ ನೋಟಿಸ್ ಬಂತು. ಮೂರನೇ ಮಹಡಿಯಿಂದ ‘ಗಳತಿ’ ಇದೆ, ಕೂಡಲೇ ಸರಿಪಡಿಸಿ ಅಂತ. ಊರಿಂದ ಬಂದಿದ್ದ ನನ್ನ ತಮ್ಮ ಅಕ್ಷರ ಕೂಡಿಸಿ ಓದಿ, “ಅಕ್ಕಾ, ನಿಮ್ಮ ಮಹಡೀಲಿ ಯಾರದೋ ಗೆಳತಿ ವಿಷಯ ಬೋರ್ಡಿಗೆ ಹಾಕಿದ್ದಾರಲ್ಲ” ಅಂದ. ಮರಾಠಿಯ ಗಳತಿ ಅಂದರೆ ಸೋರಿಕೆ. ಗೆಳತಿ ಆಗಿದ್ದರೆ ಖರ್ಚು ಕಡಿಮೆ ಆಗುತ್ತಿತ್ತೇನೋ.

ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ್ದು ಹೀಗೆ: “ನಿಮ್ಮ ನಳ್ಳಿ ಹತ್ರದಿಂದ ನಮ್ಮ ಗೋಡೆಯಲ್ಲಿ ನೀರು ಒಸರ್ತಾ ಉಂಟು ಮಾರಾಯ್ರೆ.” ನನಗೆ ನಳ್ಳಿ ಅಂದರೆ ಏಡಿ. ಒಂದು ಕ್ಷಣ ಕಣ್ಣು ಬಿಟ್ಟೆ. ಒಳಗೆ ಬಂದರೆ ಅತ್ತೆ, “ನಳಾ ಸೋರ್ಲಿಕ್ಕತ್ತದಲ್ಲ, ನಾ ಎರಡ ದಿನದಿಂದ ಹೇಳ್ಲಿಕ್ಕತ್ತೇನಿ” ಅಂದರು. ನಾನು ಇಬ್ಬರ ಮಾತನ್ನೂ ಗಂಟು ಕಟ್ಟಿ ಪ್ಲಂಬರ್‌ಗೆ ಫೋನಿನಲ್ಲಿ “ನಳ ಲೀಕ್” ಅಂತ ಎರಡೇ ಪದದಲ್ಲಿ ಹೇಳಿದೆ.

ತಪ್ಪಾದದ್ದು ಅಲ್ಲೇ. ಅವರು ಬಂದು, ಬಕೆಟ್ ಮೇಲಿನ ನಲ್ಲಿಗೆ ಹೊಸ ವಾಶರ್ ಹಾಕಿ, ದುಡ್ಡು ತಗೊಂಡು ಹೋದರು. ಕೆಳಗಿನ ಗೋಡೆ ಒಣಗಲಿಲ್ಲ. ಒಣಗುವುದಾದರೂ ಹೇಗೆ? ನಲ್ಲಿಯ ಮೂತಿಯಿಂದ ಬಿದ್ದ ಹನಿ ನೆಲದ ಜಾಲರಿಗೆ ಹೋಗುತ್ತದೆ, ಅದರಿಂದ ಕೆಳಮನೆಗೆ ತೊಂದರೆಯಿಲ್ಲ. ನಿಜವಾದ ತೊಂದರೆ ಇದ್ದದ್ದು ಶವರಿನ ಬಾಗಿದ ಪೈಪು ಗೋಡೆಗೆ ಸೇರುವ ಕಡೆ. ಅಲ್ಲಿ ಹೊಳೆಯುವ ಒಂದು ದುಂಡು ತಟ್ಟೆ ಇರುತ್ತದಲ್ಲ, ಅದರ ಹಿಂದೆ. ಶವರ್ ಬಿಟ್ಟಾಗಲೆಲ್ಲ ಜಾಯಿಂಟಿನಿಂದ ಸ್ವಲ್ಪ ಸ್ವಲ್ಪ ನೀರು ಗೋಡೆಯೊಳಗೇ ಇಳಿಯುತ್ತಿತ್ತು. ಎರಡನೇ ಸಲ ಬಂದು, ಪೈಪು ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದ ಮೇಲೆ ನಿಂತಿತು. ಎರಡು ಸಲದ ಕೂಲಿ ಕೊಟ್ಟೆ. ಕೆಳಗಿನಾಕೆ ಮೊದಲೇ ಸರಿಯಾದ ಪದ ಹೇಳಿದ್ದರು. ‘ಒಸರ್ತಾ ಉಂಟು’ ಅನ್ನುವುದನ್ನು ‘ಲೀಕ್’ ಮಾಡಿ ಕೆಡಿಸಿದವಳು ನಾನು.

ಇದಾಗಿ ಎರಡು ವಾರಕ್ಕೆ ಮಂಡ್ಯದಿಂದ ಅಮ್ಮನ ಫೋನು. “ಬಚ್ಚಲು ನಲ್ಲಿ ತೊಟ್ಟಿಕ್ತಾ ಅದೆ ಕಣೆ, ರಾತ್ರಿಯೆಲ್ಲಾ ಟಪ್ ಟಪ್ ಅಂತದೆ, ನಿದ್ದೆ ಇಲ್ಲ.” ನೋಡಿ, ಒಂದೇ ಕ್ರಿಯಾಪದ, ರೋಗ ಗೊತ್ತಾಗಿ ಹೋಯಿತು. ಮೂತಿಯಿಂದ ಹನಿ ಬೀಳುತ್ತಿದೆ, ಅಂದರೆ ಒಳಗೆ ನೀರನ್ನು ಪೂರ್ತಿ ಅದುಮಿ ಹಿಡಿಯುವ ರಬ್ಬರ್ ಸವೆದಿದೆ. “ಎಷ್ಟು ಸುತ್ತು ತಿರುಗಿಸಿದರೆ ನಿಲ್ಲುತ್ತೆ?” ಅಂತ ಕೇಳಿದೆ. ಮೂರು ನಾಲ್ಕು ಅಂದಳು. ಸರಿ, ಹಳೇ ತರದ್ದು. ಕಾಲು ಸುತ್ತಿಗೇ ನಿಲ್ಲುವ ಹೊಸ ನಲ್ಲಿಯಾಗಿದ್ದರೆ ಒಳಗೆ ವಾಶರ್ ಇರುವುದಿಲ್ಲ. ಎರಡು ಸೆರಾಮಿಕ್ ತಟ್ಟೆ ಒಂದರ ಮೇಲೊಂದು ಜಾರುತ್ತಿರುತ್ತವೆ, ಕೆಟ್ಟರೆ ಒಳಗಿನ ತುಂಡನ್ನೇ ಬದಲಿಸಬೇಕು.

ಅಲ್ಲಿಂದ ಮುಂದೆ ಫೋನಿನಲ್ಲೇ ರಿಪೇರಿ. ಮೊದಲು ಮೇಲಿನ ಟ್ಯಾಂಕಿನ ವಾಲ್ವ್ ನಿಲ್ಲಿಸಿಸಿದೆ. ಪೈಪಿನಲ್ಲಿ ಉಳಿದ ನೀರು ಹೋಗಲಿ ಅಂತ ನಲ್ಲಿ ಬಿಟ್ಟಿಡು ಅಂದೆ. ಸ್ಕ್ರೂ ಬಿದ್ದು ಹೋಗದ ಹಾಗೆ ಜಾಲರಿ ಮೇಲೆ ಹಳೇ ಬಟ್ಟೆ ಹಾಸಿಸಿದೆ. ಇಲ್ಲಿಯವರೆಗೆ ಭಾಷೆ ಕೈಕೊಡಲಿಲ್ಲ. ಹಿಡಿಕೆ ತೆಗೆದ ಮೇಲೆ ನೋಡಿ, ನನ್ನ ಹತ್ತಿರ ಪದವೇ ಇಲ್ಲ! “ಅಮ್ಮ, ಆ ದಪ್ಪ ನಟ್ಟಿನ ತರದ್ದು... ಅದರ ಒಳಗಿರೋದು...” ಅಂತ ತೊದಲುತ್ತಿದ್ದೆ. ಅಮ್ಮನೇ ಹೆಸರಿಟ್ಟುಕೊಂಡು ಹೋದಳು. ಹಿಡಿಕೆ ‘ತಲೆ’. ಪಾನಾ ಹಾಕಿ ತಿರುಗಿಸುವ ಆರು ಮೂಲೆಯ ಭಾಗ ‘ಕುತ್ತಿಗೆ’. ಕುತ್ತಿಗೆ ತಿರುಗಿಸಿ ಎತ್ತಿದಾಗ ಜೊತೆಗೆ ಬಂದ ಹಿತ್ತಾಳೆ ತುಂಡು ‘ಗೂಟ’. ಅದರ ತುದಿಯಲ್ಲಿದ್ದ ರಬ್ಬರ್ ‘ಬಿಲ್ಲೆ’. “ಬಿಲ್ಲೆ ಮೇಲೆ ದುಂಡಗೆ ಗೀರು ಬಿದ್ದದೆ, ಕಲ್ಲಾಗ್ಯದೆ” ಅಂದಳು. ಅದೇ ರೋಗ. ತೊಟ್ಟಿಕ್ಕಿದಷ್ಟೂ ಬಿಗಿಯಾಗಿ ತಿರುಗಿಸುತ್ತೇವೆ, ತಿರುಗಿಸಿದಷ್ಟೂ ಬಿಲ್ಲೆ ಕತ್ತರಿಸುತ್ತದೆ.

ಹನಿಯೇ ತಾನೆ ಅನ್ನುವವರಿಗೆ ಒಂದು ಮಾತು. ನಮ್ಮ ಮನೆಯ ನಲ್ಲಿ ಕೆಟ್ಟಿದ್ದಾಗ ರಾತ್ರಿ 9ಕ್ಕೆ ಅದರ ಕೆಳಗೆ 15 ಲೀಟರಿನ ಬಕೆಟ್ ಇಟ್ಟಿದ್ದೆ. ಸೆಕೆಂಡಿಗೆ ಒಂದು ಹನಿ ಬೀಳುತ್ತಿತ್ತು. ಬೆಳಿಗ್ಗೆ 7ಕ್ಕೆ ಅಳೆದರೆ ಕೆಲವು ಲೀಟರ್ ಆಗಿತ್ತು.

ಈಗ ಪದಗಳಿಗೆ ಬರುತ್ತೇನೆ. ನನ್ನ ಬಾಯಲ್ಲಿ ಇವು ಹೀಗೆ ಬೇರೆ ಬೇರೆ:

‘ಸೋರು’ ಎಲ್ಲಕ್ಕೂ ಆಗುತ್ತದೆ. ಕೊಡ ಸೋರುತ್ತೆ, ಮನೆ ಸೋರುತ್ತೆ, ನಲ್ಲಿ ಸೋರುತ್ತೆ, ನೀರೂ ಸೋರುತ್ತೆ. ಎಲ್ಲಿಂದ, ಎಷ್ಟು ಅಂತ ಅದು ಹೇಳುವುದಿಲ್ಲ. ಅದರ ನಾಮಪದ ‘ಸೋರಿಕೆ’ಯಂತೂ ಪೂರ್ತಿ ಪತ್ರಿಕೆಯವರ ಪಾಲಾಗಿದೆ, ಪ್ರಶ್ನೆಪತ್ರಿಕೆ ಸೋರಿಕೆ, ಅನಿಲ ಸೋರಿಕೆ ಅಂತ. ಮನೆಯಲ್ಲಿ ಯಾರಾದರೂ “ಬಚ್ಚಲಲ್ಲಿ ಸೋರಿಕೆಯಾಗಿದೆ” ಅಂದರೆ ನನಗೆ ನಗು ಬರುತ್ತದೆ. (ಮರಾಠಿಯಲ್ಲಿ ಪ್ರಶ್ನೆಪತ್ರಿಕೆ ಸೋರುವುದಿಲ್ಲ, ‘ಫುಟತೆ’, ಅಂದರೆ ಒಡೆಯುತ್ತದೆ. ಅದೇ ಹೆಚ್ಚು ನಿಜ ಅನ್ನಿಸುತ್ತದೆ.)

‘ತೊಟ್ಟಿಕ್ಕು’ ಹನಿ ಹನಿಯಾಗಿ, ಎಣಿಸುವ ಹಾಗೆ ಬೀಳುವುದು. ತೊಟ್ಟು ಮತ್ತು ಇಕ್ಕು. ನಮ್ಮ ಮಂಡ್ಯದ ಕಡೆ ಈಗಲೂ ಊಟಕ್ಕೆ ‘ಇಕ್ಕು’ತ್ತಾರೆ. ನಲ್ಲಿ ಒಂದೊಂದೇ ತೊಟ್ಟು ಬಡಿಸುತ್ತಿದೆ ಅಂತ ಅರ್ಥ ಮಾಡಿಕೊಂಡರೆ ಎಷ್ಟು ಚೆಂದ, ಅಲ್ವಾ? ಅತ್ತೆಗೆ ಈ ಮಾತು ಗೊತ್ತು, ಆದರೆ ಆಡುವುದಿಲ್ಲ. ಅವರದು “ತಟತಟ ಹನಿ ಬೀಳ್ತಾವ”.

‘ಜಿನುಗು’ ಸಂದಿಯಿಂದ ಮಣಿಮಣಿಯಾಗಿ ಮೂಡಿ ಹರಡುವುದು. ಬೆವರು ಜಿನುಗುತ್ತದೆ. ನಲ್ಲಿ ಬಿಟ್ಟಾಗ ಮಾತ್ರ ಹಿಡಿಕೆಯ ಬುಡದಲ್ಲಿ ಒದ್ದೆಯಾಗುತ್ತದಲ್ಲ, ಅದು ನನಗೆ ಜಿನುಗು. ಅದಕ್ಕೆ ಬಿಲ್ಲೆ ಬದಲಿಸಿ ಫಲವಿಲ್ಲ. ಹಿಡಿಕೆಯ ಜೊತೆ ತಿರುಗುವ ಕಡ್ಡಿಯ ಸುತ್ತ ಇರುವ ಸಣ್ಣ ರಬ್ಬರ್ ರಿಂಗನ್ನೋ ದಾರದ ಪ್ಯಾಕಿಂಗನ್ನೋ ಬದಲಿಸಬೇಕು.

‘ಒಸರು’ ಗೋಡೆಯಂಥ ಘನವಾದದ್ದರ ಮೈಯಿಂದಲೇ ನೀರು ಬರುವುದು, ಎಲ್ಲಿಂದ ಅಂತ ಬೆರಳಿಟ್ಟು ತೋರಿಸಲು ಆಗದ್ದು. ಆದರೆ ಇಲ್ಲಿ ನನಗೆ ಅನುಮಾನವಿದೆ. ಕೆಳಗಿನಾಕೆ ಜಿನುಗುವುದಕ್ಕೂ ಒಸರು ಅಂತಲೇ ಅನ್ನುತ್ತಾರೆ. ನಮ್ಮ ನೀರಾವರಿ ಇಲಾಖೆಯವರಿಗೋ ನೆಲದೊಳಗೆ ನೀರಿಳಿಸುವ ಕೆರೆ ‘ಜಿನುಗು ಕೆರೆ’. ಮರಾಠಿಯಲ್ಲಿ ಅದೇ ‘ಪಾಝರ್ ತಲಾವ್’. ಅಂದರೆ ಜಿನುಗುವುದು ಹೊರಕ್ಕೆ ಮಾತ್ರವಲ್ಲ, ಒಳಕ್ಕೂ ಆಯಿತು. ನನ್ನ ವಿಂಗಡಣೆ ಇಲ್ಲಿ ಅಲ್ಲಾಡುತ್ತದೆ.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು: ‘ಬಸಿ’. ಶವರ್ ನಿಲ್ಲಿಸಿದ ಮೇಲೂ ಐದು ಹತ್ತು ನಿಮಿಷ ಹನಿ ಬೀಳುತ್ತಿರುತ್ತದೆ. ಅದು ಶವರಿನ ತಲೆಯಲ್ಲಿ, ಪೈಪಿನಲ್ಲಿ ಉಳಿದ ನೀರು. ತೊಳೆದ ಪಾತ್ರೆ ಬೋರಲು ಹಾಕಿದಾಗ ಬಸಿಯುವ ಹಾಗೆ, ಗದ್ದೆಯ ಹೆಚ್ಚಿನ ನೀರು ಬಸಿಗಾಲುವೆಗೆ ಹೋಗುವ ಹಾಗೆ. ಅದು ರೋಗವಲ್ಲ, ಪ್ಲಂಬರ್ ಬೇಡ. ಗಂಟೆ ಕಳೆದರೂ ನಿಲ್ಲದಿದ್ದರೆ ಆಗ ತೊಟ್ಟಿಕ್ಕು ಅನ್ನಬೇಕು. ಈ ವ್ಯತ್ಯಾಸ ತೋರಿಸಲು ಮರಾಠಿಯಲ್ಲಿ ಯಾವ ಮಾತು ಅಂತ ಪ್ಲಂಬರ್‌ನ ಕೇಳಿದೆ. “ಗಳತಯ್ ಮ್ಹಣಜೆ ಗಳತಯ್” ಅಂದರು, ಸೋರ್ತಿದೆ ಅಂದ್ರೆ ಸೋರ್ತಿದೆ. ಭಾಷೆಯ ತಪ್ಪಲ್ಲ, ಅವತ್ತು ಅವರಿಗೆ ಆತುರವಿತ್ತು. ಅವರ ಭಾಷೆಯಲ್ಲೂ ಠಿಬಕಣೆ, ಝಿರಪಣೆ ಎಲ್ಲ ಇವೆ.

ನಲ್ಲಿಗೆ ಇರುವ ಹೆಸರುಗಳ ಬಗ್ಗೆ ಚಿಕ್ಕದಾಗಿ. ಧಾರವಾಡದ ‘ನಳ’ ಮರಾಠಿಯದ್ದೂ ಹೌದು. ಧಾರವಾಡದ ಕಡೆಯ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಮುಂಬಯಿಗೆ ವಿಹಾರ್ ಕೆರೆಯ ಕೊಳವೆ ನೀರು ಬಂದದ್ದು 1860ರಲ್ಲಿ, ಬೆಂಗಳೂರಿಗೆ ಹೆಸರಘಟ್ಟದಿಂದ 1890ರ ದಶಕದಲ್ಲಿ. ವಸ್ತು ಯಾವ ದಿಕ್ಕಿನಿಂದ ಬಂತೋ ಹೆಸರೂ ಆ ದಿಕ್ಕಿನದ್ದೇ ಇರಬೇಕು ಅಂತ ನನ್ನ ಊಹೆ. ಅತ್ತೆ “ನಳಾ ಬಂದಾವು” ಅಂದರೆ ಬಂದಿರುವುದು ನೀರು. ‘ಕೊಳಾಯಿ’ ನೋಡಿದರೆ ತಮಿಳಿನ ಕುೞಾಯ್ ಪಕ್ಕದ್ದು, ನಮ್ಮ ಕೊಳವೆ, ಕೊಳಲು ಎರಡೂ ಅದರ ನೆಂಟರು. ಮುಂಬಯಿಯಲ್ಲಿ ಯಾರಿಗಾದರೂ ‘ನಲ್ಲಿ’ ಅಂದರೆ ಅವರ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಅದು ನಿಹಾರಿ ಅನ್ನುವ ಮಾಂಸದ ಸಾರಿನಲ್ಲಿ ಸಿಗುವ, ಮಜ್ಜೆ ತುಂಬಿದ ಮೂಳೆ. ಅದೂ ಕೊಳವೆಯೇ ಬಿಡಿ.

ಹಾಗೇ ಮೋಸ ಮಾಡುವ ಇನ್ನೊಂದು ಪದ ‘ಮೋರಿ’. ಇಲ್ಲಿನ ವಠಾರದಂಥ ಹಳೇ ಚಾಳುಗಳಲ್ಲಿ ಮೋರಿ ಅಂದರೆ ಮನೆಯೊಳಗೇ ಪಾತ್ರೆ ತೊಳೆಯುವ, ಸ್ನಾನ ಮಾಡುವ ಮೂಲೆ. ಹೊಸದಾಗಿ ಬಂದಾಗ ಪಕ್ಕದ ಅಜ್ಜಿ “ಮೋರೀತ್ ಜಾಊನ್ ಪಾಯ ಧು” ಅಂದಿದ್ದರು. ಮೋರಿಗೆ ಹೋಗಿ ಕಾಲು ತೊಳೆ! ಮಂಡ್ಯದವಳಿಗೆ ಹೇಗಾಗಿರಬೇಡ? ಬಚ್ಚಲಿಗೆ ಇಲ್ಲಿ ‘ನ್ಹಾಣಿ’ ಅಂತಲೂ ಅನ್ನುತ್ತಾರೆ. ಬೆಂಗಳೂರಿನ ಪ್ಲಂಬರ್‌ಗಳು ನೆಲದ ಜಾಲರಿಯ ಕೆಳಗಿನ ಬಟ್ಟಲಿಗೆ ‘ನಹನಿ ಟ್ರ್ಯಾಪ್’ ಅನ್ನುವುದು ಇದೇ ನ್ಹಾಣಿ. ಅದನ್ನು ಇಂಗ್ಲಿಷ್ ಅಂದುಕೊಂಡಿದ್ದೆ, ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು.

ನನ್ನ ಪ್ರಶ್ನೆಗಳು ಇಷ್ಟು.

ಜಿನುಗು, ಒಸರು ಈ ಎರಡನ್ನು ನಿಮ್ಮ ಕಡೆ ಬೇರೆಯಾಗಿ ಬಳಸುತ್ತಾರಾ? ಶಿವಮೊಗ್ಗ, ಚಿತ್ರದುರ್ಗ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ನಿಘಂಟಿನ ಅರ್ಥ ಬೇಡ, ಮನೆಯಲ್ಲಿ ಆಡುವ ವಾಕ್ಯ ಬೇಕು.

ಪೈಪಿನ ತುದಿಯಲ್ಲಿ ತಿರುಪಿನ ಗೆರೆ ಇರುತ್ತದಲ್ಲ, ಅದಕ್ಕೆ ಮರಾಠಿಯಲ್ಲಿ ‘ಆಟೆ’, ತಮಿಳಿನಲ್ಲಿ ‘ಮರೈ’. ಕನ್ನಡದಲ್ಲಿ ನಾನು ಕೇಳಿರುವುದು “ಥ್ರೆಡ್ ಹೋಗಿದೆ” ಒಂದೇ. ಗ್ಯಾರೇಜಿನವರು, ಬಡಗಿಗಳು ಬೇರೆ ಏನಾದರೂ ಅನ್ನುತ್ತಾರಾ? ಅಂದ ಹಾಗೆ, ಅಳತೆಗೆ ‘ಸೂತು’ ನಿಮ್ಮಲ್ಲಿ ಇನ್ನೂ ಇದೆಯಾ? ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಇಲ್ಲಿನ ಅಂಗಡಿಯಲ್ಲಿ ಅರ್ಧ ಇಂಚಿನದಕ್ಕೆ ‘ಚಾರ್ ಸೂತ್’ ಅಂದರೆ ಥಟ್ಟನೆ ತೆಗೆದುಕೊಡುತ್ತಾರೆ.

ಟೇಪ್ ಸುತ್ತುವ ದಿಕ್ಕನ್ನು ಮುಂದೆ ಅಮ್ಮನಿಗೆ ಹೇಳಬೇಕಾದರೆ “ಪೈಪಿನ ತುದಿ ನಿನ್ನ ಕಡೆ ಇಟ್ಕೊಂಡು, ಪ್ರದಕ್ಷಿಣೆ ಬಂದ ಹಾಗೆ ಸುತ್ತು” ಅನ್ನೋಣ ಅಂತಿದ್ದೇನೆ. ಉಲ್ಟಾ ಸುತ್ತಿದರೆ ಪೈಪು ತಿರುಗಿಸಿ ಕೂರಿಸುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ಗಡಿಯಾರದ ಮುಳ್ಳಿನ ದಿಕ್ಕು ಅನ್ನುವುದಕ್ಕಿಂತ ಇದು ಸಲೀಸು ಅನ್ನಿಸಿತು. ಇದಕ್ಕಿಂತ ಚಿಕ್ಕ ಮಾತು ಯಾರ ಬಳಿಯಾದರೂ ಇದೆಯಾ?

ಕೊನೆಯದು ‘ಬಿಲ್ಲೆ’. ಅತ್ತೆ ಅದನ್ನು ‘ವೈಸರ್’ ಅನ್ನುತ್ತಾರೆ, ಪ್ಲಂಬರ್ ‘ವಾಯಸರ್’. ಅಮ್ಮ ಮಾರನೇ ದಿನ ಹಳೇದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಪೇಟೆಗೆ ಹೋಗಿ, “ನಲ್ಲಿ ಬಿಲ್ಲೆ ಕೊಡಪ್ಪಾ” ಅಂದಳಂತೆ. ಅಂಗಡಿಯ ಹುಡುಗ ಮುಖ ನೋಡಿದನಂತೆ. ಒಳಗೆ ಕೂತಿದ್ದ ಅವನ ತಾತ ಮಾತ್ರ ತಲೆ ಎತ್ತದೆ, “ಬಿಸಿನೀರಿಂದೋ ತಣ್ಣೀರಿಂದೋ?” ಅಂತ ಕೇಳಿದರಂತೆ. ಹಾಗಾದರೆ ಇದು ಅಮ್ಮ ಆ ಕ್ಷಣಕ್ಕೆ ಕಟ್ಟಿದ ಪದವಲ್ಲ, ಮೊದಲೇ ಇದ್ದದ್ದು. ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?